ಅರ್ಧ ಬೆಳ್ಳಿಯ ಕಟ್ಟಡಗಳು

ಅಕ್ಟೋಬರ್ 7

ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ಗಂಡನಾದವನು ಹೆಂಡತಿಗೆ ಏನೇನೋ ಹೇಳಬಹುದು. ಇವರು ಹೇಳಿದ್ದು ಇಷ್ಟು: “ಟಂಕಸಾಲೆಯಿಂದ ಪಾರ್ಸೆಲ್ ಬಂದರೆ ಸಹಿ ಮಾಡಿ ತಗೋ ವೈಜಯಂತಿ. ತೆರೆಯೋಕೆ ಹೋಗಬೇಡ.”

ಇಪ್ಪತ್ತೈದು ವರ್ಷದ ದಾಂಪತ್ಯದ ಸಾರಾಂಶ.

ಬಲಗಣ್ಣಿನ ಒಳಪರದೆ ಹಿಂಬದಿಯಿಂದ ಕಳಚಿಕೊಂಡಿತ್ತು. ಗೋಡೆಗೆ ಅಂಟಿಸಿದ ಕಾಗದ ಕಿತ್ತು ಬಂದ ಹಾಗೆ ಎಂದು ಡಾಕ್ಟರು ಮಕ್ಕಳಿಗೆ ಹೇಳುವ ಧ್ವನಿಯಲ್ಲಿ ವಿವರಿಸಿದರು. ಎಡಗಣ್ಣು ಇವರಿಗೆ ಹುಟ್ಟಿನಿಂದಲೇ ಮಂದ. ಅದರಲ್ಲಿ ಬಾಗಿಲು ಯಾವುದು, ಕಿಟಕಿ ಯಾವುದು ಎಂದು ತಿಳಿಯುತ್ತದೆ, ಅಷ್ಟೇ. ಆದ್ದರಿಂದ ಈ ಬಲಗಣ್ಣೇ ಎಲ್ಲ. ಕಣ್ಣೊಳಗೆ ಅನಿಲ ತುಂಬಿದ್ದಾರೆ. ಆ ಗುಳ್ಳೆ ಮೇಲೇರಿ ಪರದೆಯನ್ನು ಒತ್ತಿ ಹಿಡಿಯಬೇಕಾದರೆ ರೋಗಿ ಹದಿನಾಲ್ಕು ದಿನ ಮುಖ ಕೆಳಗೆ ಮಾಡಿಕೊಂಡೇ ಇರಬೇಕು. ಅನಿಲ ಪೂರ್ತಿ ಕರಗಲು ಎರಡು ತಿಂಗಳು. ಕಣ್ಣು ಉಳಿಯಿತೋ ಇಲ್ಲವೋ ಎಂದು ಆಗಲೇ ತಿಳಿಯುವುದು.

“ಪಾರ್ಸೆಲ್ ಬಂತಾ?” ಎಚ್ಚರವಾದ ಮೇಲೆ ಇವರ ಮೊದಲ ಮಾತು.

ಅಕ್ಟೋಬರ್ 9

ಬಾಡಿಗೆಗೆ ತಂದ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ, ಉಂಗುರದಂಥ ದಿಂಬಿಗೆ ಮುಖ ಒತ್ತಿಕೊಂಡು ಕೂತಿದ್ದಾರೆ. ಊಟ ಚಮಚದಲ್ಲಿ, ನೀರು ಸ್ಟ್ರಾದಲ್ಲಿ. ಮಾತಾಡಿದರೆ ಮಾತು ನೆಲಕ್ಕೆ ಬಿದ್ದು ಅಲ್ಲಿಂದ ನನ್ನ ಹತ್ತಿರ ಬರುತ್ತದೆ.

ಹೊರಗೆ ಆಗಲೇ ಹೊಗೆಮಂಜು ಶುರುವಾಗಿದೆ. ಮಯೂರ್ ವಿಹಾರದ ಈ ಮೂರನೇ ಮಹಡಿಯಿಂದ ಎದುರಿನ ಸೊಸೈಟಿಯ ನೀರಿನ ಟ್ಯಾಂಕೂ ಕಾಣುವುದಿಲ್ಲ. ಸರ್ಕಾರದ ಕರಪತ್ರವೊಂದನ್ನು ಕನ್ನಡಕ್ಕೆ ಮಾಡಿಕೊಡುವ ಕೆಲಸ ಅರ್ಧಕ್ಕೆ ನಿಂತಿದೆ. ‘ಫಲಾನುಭವಿ’ ಎಂದು ಹದಿನೆಂಟು ಸಲ ಬರೆದು ಸಾಕಾಯಿತು.

ಬೀರುವಿನ ಮೇಲಿನ ಎರಡು ಖಾನೆ ಇವರ ನಾಣ್ಯಗಳಿಗೆ. ನನ್ನ ಕವನ ಸಂಕಲನಗಳು ಮಂಚದ ಕೆಳಗೆ, ಮಿಕ್ಸಿ ಬಂದ ರಟ್ಟಿನ ಪೆಟ್ಟಿಗೆಯಲ್ಲಿ. ಹದಿನೆಂಟು ವರ್ಷದಿಂದ ಹೀಗೇ. ಒಟ್ಟು ಇಪ್ಪತ್ತೆರಡು ನಾಣ್ಯ. ರಾಜರದ್ದಲ್ಲ, ಹಳೆಯದ್ದಲ್ಲ. ಯಾವುದೋ ವಿಶ್ವವಿದ್ಯಾನಿಲಯಕ್ಕೆ ನೂರು ತುಂಬಿತು, ಮ್ಯೂಸಿಯಂಗೆ ಇಷ್ಟಾಯಿತು, ಸಂಗೀತ ಅಕಾಡೆಮಿಗೆ ಅಷ್ಟಾಯಿತು ಎಂದು ಸರ್ಕಾರ ಹೊಡೆಸುವ ಬೆಳ್ಳಿಯ ಬಿಲ್ಲೆಗಳು. ಬೆಳ್ಳಿ ಅಂದರೂ ಅರ್ಧ ಮಾತ್ರ. ಉಳಿದದ್ದು ತಾಮ್ರ, ನಿಕ್ಕಲ್, ಸತು. ನೂರು ರೂಪಾಯಿ ಎಂದು ಬರೆದಿರುತ್ತದೆ, ಆದರೆ ಮದರ್ ಡೇರಿಯವನಿಗೆ ಕೊಟ್ಟು ಹಾಲು ತರುವಂತಿಲ್ಲ. ಗ್ರಂಥಾಲಯದ ನಾಣ್ಯದಲ್ಲಿ ಪುಸ್ತಕ ಇಲ್ಲ, ಸಂಗೀತದ ನಾಣ್ಯದಲ್ಲಿ ದನಿ ಇಲ್ಲ. ಇವನ್ನೆಲ್ಲ ಕೂಡಿಟ್ಟ ಮಹಾನುಭಾವರು ಆ ಸಂಸ್ಥೆಗಳಲ್ಲಿ ಒಂದರ ಒಳಗೂ ಕಾಲಿಟ್ಟವರಲ್ಲ. ನಾನು ಓದುವ ಕವಿತೆಯ ಒಂದು ಸಾಲನ್ನು ಕೇಳಿ “ಚೆನ್ನಾಗಿದೆ, ಪ್ರಿಂಟೂ ನೀಟಾಗಿದೆ” ಎಂದವರು.

ಅಕ್ಟೋಬರ್ 11

ಫರೀದಾಬಾದಿನಿಂದ ಏಕನಾಥ ಬಂದಿದ್ದರು. ಮೂಲ ಬೀದರಿನವರು; ಫರೀದಾಬಾದಿನಲ್ಲಿ ನಟ್ಟು ಬೋಲ್ಟಿನ ಕಾರ್ಖಾನೆ ಇದೆ, ಇವರದೇ ನಾಣ್ಯದ ಹುಚ್ಚೂ ಇದೆ. ಹುಚ್ಚಿನ ಜೊತೆ ಲೆನ್ಸು, ಬಿಳಿ ಕೈಗವಸು ಕೂಡ.

“ಏನ್ರಿ ವೈನಿ, ಮೂರ್ತಿಯವರು ನಿಮಗ ನಮಸ್ಕಾರ ಹಾಕ್ಲಿಕತ್ತಾರೇನು?”

“ಇಪ್ಪತ್ತೈದು ವರ್ಷ ತಡವಾಗಿ” ಎಂದೆ.

ಇವರು ದಿಂಬಿನೊಳಗೇ ನಕ್ಕರು. ಆಮೇಲೆ ನಗು ನಿಲ್ಲಿಸಿ, ನೆಲಕ್ಕೆ ಹೇಳಿದರು: “ಏಕನಾಥರೇ, ಕಣ್ಣು ಬರಲಿಲ್ಲ ಅಂದರೆ ಅಷ್ಟನ್ನೂ ನೀವೇ ತಗೊಂಡು ಹೋಗಿ. ಬೇರೆಯವರ ಕೈಗೆ ಬೀಳಬಾರದು.”

“ಅಂಥಾ ಮಾತ್ಯಾಕ್ರಿ? ಬರ್ತದ ಕಣ್ಣು.” ಹೇಳುತ್ತಿದ್ದದ್ದು ಇವರಿಗೆ, ನೋಡುತ್ತಿದ್ದದ್ದು ಬೀರುವನ್ನು. ಸ್ವಲ್ಪ ಹೊತ್ತು ಬಿಟ್ಟು, “ಹಂಗಾದ್ರ ಮಾತು ಕೊಟ್ಟಂಗೇನ್ರಿ?”

“ಕೊಟ್ಟ ಹಾಗೇ.”

ಒಳ್ಳೆಯ ವ್ಯವಹಾರ. ಕಣ್ಣು ಬಂದರೆ ಇವರಿಗೆ ನಾಣ್ಯ, ಹೋದರೆ ನನಗೆ ಬೀರು. ಹೀಗೆ ಯೋಚಿಸಿದ್ದಕ್ಕೆ ನಾಚಿಕೆಯಾಗಬೇಕಿತ್ತು. ಏಕನಾಥ ಹೋದ ಮೇಲೆ ಟೇಪು ತಂದು ಖಾನೆಯ ಅಳತೆ ತೆಗೆದೆ.

ಅಕ್ಟೋಬರ್ 13

ಪಾರ್ಸೆಲ್ ಬಂತು. ನನಗೆ ತೆರೆಯುವ ಅಪ್ಪಣೆಯಾಯಿತು. “ಪೆಟ್ಟಿಗೆ ತೆಗಿ. ಒಳಗಿನ ಪ್ಲಾಸ್ಟಿಕ್ ಡಬ್ಬಿ ಮಾತ್ರ ಬಿಚ್ಚಬೇಡ. ನೋಡಿ ಹೇಳು.”

“ಕಟ್ಟಡ” ಎಂದೆ.

“ಎಂಥ ಕಟ್ಟಡ?”

“ಸರ್ಕಾರಿ ಕಟ್ಟಡ. ಲೈಬ್ರರಿಯಂತೆ. ಕಂಬಗಳಿವೆ. ಜನ ಇಲ್ಲ.”

“ಕಂಬ ಎಷ್ಟು?”

“ಏಳು.”

“ಏಳಿರೋದಿಲ್ಲ. ಬಾಗಿಲು ಎಲ್ಲಿದೆ?”

“ನಡುವೆ.”

“ನಡುವೆ ಬಾಗಿಲಿದ್ದರೆ ಎರಡು ಕಡೆಗೂ ಸಮ ಬರಬೇಕು. ಮತ್ತೆ ಎಣಿಸು.”

ಎಣಿಸಿದೆ. ಎಂಟಿತ್ತು. ಒಂದು ಕಂಬದ ಮೇಲೆ ಟ್ಯೂಬ್‌ಲೈಟಿನ ಬೆಳಕು ಬಿದ್ದು ಮುಚ್ಚಿಹೋಗಿತ್ತು. ಕಣ್ಣಿಲ್ಲದವರು ನೆಲ ನೋಡಿಕೊಂಡು ನನ್ನ ತಪ್ಪು ತಿದ್ದುವುದೆಂದರೆ ಸಿಟ್ಟು ಬಾರದೆ ಇರುತ್ತದೆಯೇ. ಎಂಟು ಎಂದು ಹೇಳಲಿಲ್ಲ. ಹಾಲು ಉಕ್ಕುತ್ತಿದೆ ಎಂದು ಎದ್ದು ಹೋದೆ. ಹಾಲು ಇಟ್ಟೇ ಇರಲಿಲ್ಲ.

ಅಕ್ಟೋಬರ್ 14

ಮಗಳು ಹಂಸಿನಿ ಕಾಲೇಜಿನಿಂದ ಬಂದವಳು ಬಾಗಿಲಲ್ಲೇ ನಿಂತಳು. “ಅಮ್ಮಾ, ನೀನು ಕಾಯಿನ್ ನೋಡ್ತಿದೀಯಾ? ತಬಿಯತ್ ಠೀಕ್ ಹೈ?”

ಕಿಟಕಿಯ ಬೆಳಕಲ್ಲಿ ಕಂಬ ಸರಿಯಾಗಿ ಕಾಣುತ್ತದೋ ಎಂದು ನೋಡುತ್ತಿದ್ದೆ, ಅಷ್ಟೇ.

ಅಕ್ಟೋಬರ್ 16

ನಾನು ಎಂ.ಎ. ಮಾಡಿದ ವಿಶ್ವವಿದ್ಯಾನಿಲಯದ ನಾಣ್ಯವೂ ಒಂದಿದೆ. ತರಿಸಿದ ದಿನ ಎದುರಿಗೆ ಹಿಡಿದಿದ್ದರು. ನಾನು ‘ಹೂಂ’ ಎಂದು ಪುಟ ಮಗುಚಿದ್ದೆ. ಇವತ್ತು ಅದನ್ನೇ ಹೇಳು ಎಂದರು.

“ಕಟ್ಟಡ. ಗೋಪುರ. ಸುತ್ತ ಅಕ್ಷರ.”

“ನೀನು ಕೂರ್ತಿದ್ದ ಜಾಗ ಯಾವುದು?”

“ಬಂದಿಲ್ಲ ಅದರಲ್ಲಿ.”

“ಬಂದಿದ್ದರೆ ಎಲ್ಲಿ ಬರ್ತಿತ್ತು?”

“ಎಡಗಡೆ. ನಾಣ್ಯದ ಅಂಚಿನಿಂದ ಆಚೆ. ಮೆಟ್ಟಿಲಿತ್ತು.”

“ಏನು ಓದ್ತಿದ್ದೆ ಅಲ್ಲಿ?”

ಇಪ್ಪತ್ತೈದು ವರ್ಷದಲ್ಲಿ ಕೇಳದ್ದನ್ನು ಈಗ ಕೇಳುತ್ತಾರೆ! ಉತ್ತರದ ಬದಲು ಚುಚ್ಚೋಣ ಎನ್ನಿಸಿ, “ನೀವು ಯಾಕೆ ಇಂಥವನ್ನೇ ಕೂಡಿಡೋದು? ದೇವರದ್ದು, ದೇಶನಾಯಕರದ್ದು ಸಿಗಲ್ವಾ?” ಎಂದೆ.

“ನಾನು ಹತ್ತೊಂಬತ್ತಕ್ಕೆ ಸ್ಟೆನೋ ಆಗಿ ಈ ಊರಿಗೆ ಬಂದವನು. ಸಾಹೇಬರ ಫೈಲು ಹಿಡಿದು ಇಂಥ ಜಾಗಕ್ಕೆಲ್ಲ ಗೇಟಿನ ತನಕ ಹೋಗಿದ್ದೀನಿ. ಒಳಗೆ ನೋಡಬೇಕು ಅಂತ ಅನ್ನಿಸೋದು. ಏನು ಕೆಲಸ ಅಂತ ಕೇಳಿದರೆ ಏನು ಹೇಳಲಿ? ನನಗೇನು ಕೆಲಸ ಅಲ್ಲಿ? ಕೆಲಸ ಇದ್ದವರು ನೀವೆಲ್ಲ.”

ಗ್ರಂಥಾಲಯಕ್ಕೆ ಹೋಗಲೂ ಮೇಲಧಿಕಾರಿಯ ಸಹಿ ಬೇಕು ಎಂದುಕೊಂಡ ಮನುಷ್ಯ. ಇದಕ್ಕಿಂತ ದಡ್ಡತನ ಇನ್ನೇನಿದೆ?

ದಿಂಬಿನ ಕೆಳಗೆ ನೆಲದ ಮೇಲೆ ಎರಡು ಹನಿ ಬಿದ್ದಿದ್ದವು. ಕಣ್ಣಿನ ಔಷಧ ಸೋರಿದೆ ಎಂದು ಬಟ್ಟೆ ತಂದು ಒರೆಸಿದೆ. ಔಷಧ ಹಾಕುವುದು ನಾಲ್ಕು ಗಂಟೆಗೆ. ಆಗ ಇನ್ನೂ ಮೂರಾಗಿರಲಿಲ್ಲ.

ಅಕ್ಟೋಬರ್ 18

ಧನ್‌ತೇರಸ್. ದೆಹಲಿಯವರೆಲ್ಲ ಇವತ್ತು ಬೆಳ್ಳಿ ಕೊಳ್ಳಲೇಬೇಕು, ಕೊಳ್ಳದಿದ್ದರೆ ಲಕ್ಷ್ಮಿ ನೊಂದುಕೊಂಡು ಬೇರೆ ಸೊಸೈಟಿಗೆ ಹೋಗಿಬಿಡುತ್ತಾಳೆ. ಮೇಲಿನ ಮನೆಯ ಪಂಜಾಬಿ ಆಂಟಿ ಹೊಸ ಬೆಳ್ಳಿ ನಾಣ್ಯಕ್ಕೆ ಕುಂಕುಮ ಬಳಿದು, ಅಕ್ಕಪಕ್ಕದವರಿಗೆಲ್ಲ ಮುಟ್ಟಿಸುತ್ತಾ ಬಂದರು. ಶುಭವಾಗಲಿ ಎಂದು ಇವರ ಜೋಲುಬಿದ್ದ ಕೈಗೂ ತುರುಕಿದರು.

“ಭಾಯ್‌ಸಾಬ್, ಶಗುನ್ ಹೈ. ಪಕಡೋ.”

ಹೆಬ್ಬೆರಳು ಅದರ ಮೇಲೆ ಸುಮ್ಮನೆ ಒಂದು ಸುತ್ತು ಬಂತು. ಮತ್ತೆ ಇನ್ನೊಂದು ಸುತ್ತು, ನಿಧಾನಕ್ಕೆ.

“ಆಂಟೀಜಿ, ಲಕ್ಷ್ಮೀಜಿ ಕೇ ಹಾಥ್ ಸೇ ಪಾಂಚ್ ಸಿಕ್ಕೇ ಗಿರ್ ರಹೇ ಹೈಂ.”

ಆಂಟಿ ಕನ್ನಡಕ ಏರಿಸಿ ನೋಡಿದರು. ದೇವಿಯ ಕೈಯಿಂದ ಬೀಳುತ್ತಿದ್ದ ಕಾಸು ಐದೇ. “ಅರೇ ವಾಹ್!” ಎಂದು ನನ್ನ ಭುಜಕ್ಕೆ ಹೊಡೆದರು, ಎಣಿಸಿದ್ದು ನಾನೇನೋ ಎನ್ನುವಂತೆ.

ಮದುವೆಯಾದ ಹೊಸತರಲ್ಲಿ ಇವರೊಂದು ಬಡಾಯಿ ಕೊಚ್ಚುತ್ತಿದ್ದರು. ಶಾರ್ಟ್‌ಹ್ಯಾಂಡಿನಲ್ಲಿ ಗೆರೆ ತೆಳುವಾಗಿದ್ದರೆ ಒಂದು ಅಕ್ಷರ, ಒತ್ತಿ ಎಳೆದರೆ ಇನ್ನೊಂದು. ಕಾಗದದ ಹಿಂಬದಿಯನ್ನು ಸವರಿಯೇ ನಾನು ಓದಬಲ್ಲೆ ಅಂತ. ನಂಬಿರಲಿಲ್ಲ. ಪರೀಕ್ಷಿಸುವ ಮಟ್ಟಿನ ಕುತೂಹಲವೂ ಇರಲಿಲ್ಲ.

ಆಂಟಿ ನಾಣ್ಯ ವಾಪಸು ಒಯ್ದ ಮೇಲೂ ಹೆಬ್ಬೆರಳು ಬೆರಳುಗಳ ಮೇಲೆ ಆಡುತ್ತಿತ್ತು.

“ಹದಿನೆಂಟು ವರ್ಷದಲ್ಲಿ ಒಂದನ್ನೂ ಬರಿಗೈಲಿ ಮುಟ್ಟಿಲ್ಲ” ಎಂದರು. ದೂರಿದ್ದಲ್ಲ. ಈಗಷ್ಟೇ ನೆನಪಾದ ಸಂಗತಿ ಹೇಳಿದ ಹಾಗಿತ್ತು.

ಅಕ್ಟೋಬರ್ 19

ಇವುಗಳಲ್ಲಿ ಎರಡು ಜಾತಿಯಂತೆ. ಒಂಬತ್ತು ಸಾಧಾರಣ. ಹದಿನಾಲ್ಕು ‘ಪ್ರೂಫ್’: ಚಿತ್ರದ ಸುತ್ತಲಿನ ಬಯಲು ಕನ್ನಡಿಯ ಹಾಗೆ ಹೊಳೆಯುತ್ತದೆ, ಚಿತ್ರ ಮಾತ್ರ ಮಂಜಿನಂತೆ ಬೆಳ್ಳಗೆ. ಪ್ರೂಫಿಗೆ ಒಮ್ಮೆ ಬೆರಳು ತಾಗಿದರೆ ಆ ಗುರುತು ಹೋಗುವುದಿಲ್ಲ. ಸಂಗ್ರಹಕಾರರ ಪಾಲಿಗೆ ಅದು ಸತ್ತಂತೆ. ಇದನ್ನೆಲ್ಲ ಕೇಳಿ ತಿಳಿದುಕೊಂಡದ್ದು ಹೊತ್ತು ಹೋಗಲಿ ಎಂದು.

ಸಾಧಾರಣದ ಒಂದು ಡಬ್ಬಿಯನ್ನು ‘ಟಕ್’ ಎನ್ನಿಸಿದೆ.

“ಏನದು? ಯಾವುದು ತೆಗೆದೆ? ಅಂಚು ಹಿಡಿ! ಅಂಚು!”

ಅಂಚು ಹಿಡಿದೇ ಅವರ ಅಂಗೈಗೆ ಹಾಕಿದೆ. ಬೈಗುಳ ಅರ್ಧಕ್ಕೆ ನಿಂತಿತು. ಹೆಬ್ಬೆರಳು ಅಂಚಿನಿಂದ ನಡುವಿಗೆ ಬಂತು. ಆಮೇಲೆ, “ಮ್ಯೂಸಿಯಂ” ಎಂದರು. “ಗುಮ್ಮಟಕ್ಕೆ ಪಕ್ಕೆಲುಬಿದೆ ವೈಜಯಂತಿ. ಲೆನ್ಸಿನಲ್ಲಿ ಒಂದು ದಿನವೂ ಕಂಡಿರಲಿಲ್ಲ.”

ಸಂಜೆಯೊಳಗೆ ಒಂಬತ್ತೂ ಬಿಚ್ಚಿ ಆಯಿತು. ಪ್ರೂಫ್‌ಗಳನ್ನು ಕೇಳಲಿಲ್ಲ. “ಅವು ಬೇಡ. ಮಾತು ಕೊಟ್ಟಿದ್ದೀನಿ.” ಫರೀದಾಬಾದಿನ ನಟ್ಟು ಬೋಲ್ಟಿನವನಿಗೋಸ್ಕರ ಕನ್ನಡಿ ಕಾಯುವ ನಿಯತ್ತು!

ಅಕ್ಟೋಬರ್ 22

ಮುಖ ಮೇಲೆತ್ತಬಹುದು ಎಂದರು ಡಾಕ್ಟರು. ಎತ್ತಿದರು. ಕೆನ್ನೆಯ ಮೇಲೆ ದಿಂಬಿನ ಉಂಗುರ ಅಚ್ಚಾಗಿತ್ತು. ಕಣ್ಣೊಳಗೆ ನೀರಿನ ಗೆರೆಯೊಂದು ತುಳುಕುತ್ತಿದೆಯಂತೆ, ಅದರಾಚೆ ಬರೀ ಹೊಗೆ.

“ಅದು ಕಣ್ಣಲ್ಲ, ದೆಹಲಿ” ಎಂದೆ. ದೀಪಾವಳಿಯ ಪಟಾಕಿ ಹೊಡೆದು ಎರಡು ದಿನ ಆಗಿದೆ, ಊರೇ ಕೆಮ್ಮುತ್ತಿದೆ.

ನಕ್ಕರು. ಇವರ ಮುಖವನ್ನು ಎದುರಿನಿಂದ ನೋಡಿ ಎರಡು ವಾರ ಆಗಿತ್ತು. ಬಡವಾಗಿದ್ದಾರೆ.

ನವೆಂಬರ್ 4

ಅದೇ ಅನುವಾದ, ಅದೇ ಫಲಾನುಭವಿ. ಬೆಳಗ್ಗೆ ಒಂದು, ಸಂಜೆ ಒಂದು ನಾಣ್ಯ ಕೈಗೆ ಕೊಡುತ್ತೇನೆ. ಇಲ್ಲದಿದ್ದರೆ ಟಿವಿಯ ಸುದ್ದಿ ಜೋರಾಗಿ ಹಾಕುತ್ತಾರೆ, ನನಗೆ ತಲೆ ಚಿಟ್ಟು ಹಿಡಿಯುತ್ತದೆ.

ನವೆಂಬರ್ 15

ಆ ಎಂಟು ಕಂಬದ ಗ್ರಂಥಾಲಯ ಇದೇ ಊರಿನಲ್ಲಿದೆ. ನಾಣ್ಯಕ್ಕೆ ದುಡ್ಡು ಕಟ್ಟಿ ಕಾಯುವ ಬದಲು ಮೆಟ್ರೊದಲ್ಲಿ ಹೋಗಿ ನೋಡಬಹುದಿತ್ತಲ್ಲ ಎಂದು ಹಂಗಿಸುತ್ತಲೇ ಇವತ್ತು ಕರೆದುಕೊಂಡು ಹೋದೆ. ಕಪ್ಪು ಕನ್ನಡಕ, ನನ್ನ ತೋಳು, ಮೂಗಿಗೆ ಮಾಸ್ಕು.

ಏನು ಕೆಲಸ ಎಂದು ಗೇಟಿನಲ್ಲಿ ಗಾರ್ಡು ಕೇಳಿಯೇಬಿಟ್ಟ: “ಕ್ಯಾ ಕಾಮ್ ಹೈ?”

ನನ್ನ ತೋಳಿನ ಮೇಲೆ ಇವರ ಕೈ ಬಿಗಿಯಾಯಿತು. ಹಿಂದಕ್ಕೆ ಒಂದು ಹೆಜ್ಜೆ ಇಟ್ಟೂಬಿಟ್ಟರು.

“ಖಂಭಾ ದೇಖನಾ ಹೈ” ಎಂದೆ.

“ಖಂಭಾ? ಮೆಂಬರ್ ಹೋ ಆಪ್?”

“ಎಂ.ಎ. ಹೂಂ!” ಎಂದು ಕಿರುಚಿದೆ. ಅದಕ್ಕೂ ಇದಕ್ಕೂ ಏನು ಸಂಬಂಧವೋ. ಅವನಿಗೂ ತಿಳಿಯಲಿಲ್ಲ, ಆದರೆ ದಾರಿ ಬಿಟ್ಟ. ಬಾಗಿಲು ಕಾಯುವವರಿಗೆ ಬಾಗಿಲು ತಮ್ಮಪ್ಪನದೇ ಎಂಬ ಭ್ರಮೆ. ಇಂಥವರ ಮುಖಕ್ಕೆ ಹೆದರಿ ಈ ಮನುಷ್ಯ ಮೂವತ್ತು ವರ್ಷ ರಸ್ತೆಯಲ್ಲಿ ನಿಂತರಲ್ಲ!

ಮೊದಲ ಕಂಬವನ್ನು ತಬ್ಬಿ ನಿಂತರು. ಎರಡು ಕೈ ಚಾಚಿದರೂ ಬೆರಳಿಗೆ ಬೆರಳು ಸಿಗಲಿಲ್ಲ. “ಇಷ್ಟು ದಪ್ಪ ಅಂತ ಗೊತ್ತೇ ಆಗೋದಿಲ್ಲ ಅದರಲ್ಲಿ” ಎಂದರು. ಎಂಟನ್ನೂ ಮುಟ್ಟಿದರು. ಇಬ್ಬರು ಹುಡುಗಿಯರು ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಗ್ರಂಥಾಲಯಕ್ಕೆ ಬಂದು ಫೋನಿನಲ್ಲಿ ಮುಖ ನೋಡಿಕೊಳ್ಳುವ ಪೀಳಿಗೆ. ಅವರನ್ನು ನಾನು ನೋಡಿದ ನೋಟಕ್ಕೆ ಎದ್ದು ಹೋದರು.

ಡಿಸೆಂಬರ್ 2

ಅನಿಲ ಪೂರ್ತಿ ಕರಗಿದೆ.

ಡಾಕ್ಟರು ಒಂದು ಮಾರು ದೂರದಲ್ಲಿ ಕೈ ಎತ್ತಿ ಬೆರಳೆಷ್ಟು ಎಂದರು. ಮೂರು ಎಂದರು ಇವರು. ಎರಡಿತ್ತು. ಹತ್ತಿರ ಬಂದು ಮತ್ತೆ ಕೇಳಿದರು. ಸರಿ ಹೇಳಿದರು. ಪರದೆ ಅಂಟಿಕೊಂಡಿದೆ, ಆದರೆ ನಡುಭಾಗ ಸತ್ತಿದೆ. ಬೆಳಕು ಇರುತ್ತದೆ, ಓಡಾಡಬಹುದು. ಅಕ್ಷರ ಇಲ್ಲ, ಮುಖ ಇಲ್ಲ. ಹೆಚ್ಚೇನೂ ಆಗದು ಎಂದು ಡಾಕ್ಟರು ಈ ಸಲ ದೊಡ್ಡವರಿಗೆ ಹೇಳುವ ಹಾಗೆಯೇ ಹೇಳಿದರು.

ಆಟೋದಲ್ಲಿ ಕೂತು ಇವರೇ ಕೇಳಿದರು: “ಏಕನಾಥರ ನಂಬರು ಒತ್ತಿ ಕೊಡ್ತೀಯಾ?”

ಒತ್ತಿ ಕೊಟ್ಟೆ. ಎರಡೇ ಮಾತು. ಭಾನುವಾರ ಬರುತ್ತಾರಂತೆ.

ಬೀರು ಖಾಲಿಯಾಗುತ್ತದೆ. ಯಾವ ಪುಸ್ತಕವನ್ನು ಮೊದಲು ಇಡಲಿ ಎಂದು ಯೋಚಿಸಲು ಮಂಚದ ಮುಂದೆ ಕೂತೆ. ಹಂಸಿನಿ ಬಂದು ಎಬ್ಬಿಸುವ ತನಕ ಹಾಗೇ ಕೂತಿದ್ದೆನಂತೆ. “ಅಮ್ಮಾ, ಕುಕ್ಕರ್ ಸೀಟಿ ಹೊಡೀತಾನೇ ಇದೆ ಯಾರ್.”

ಡಿಸೆಂಬರ್ 7

ಏಕನಾಥ ಹತ್ತು ಗಂಟೆಗೇ ಬಂದರು. ಊಟದ ಮೇಜಿನ ಮೇಲೆ ನೀಲಿ ಮಖಮಲ್ಲು ಹಾಸಿದರು, ಕೈಗವಸು ತೊಟ್ಟರು, ಲೆನ್ಸು ತೆಗೆದರು. ಮದುವೆಗೆ ಹುಡುಗಿ ನೋಡುವವರಿಗೂ ಇಷ್ಟು ಸಿದ್ಧತೆ ಇರುವುದಿಲ್ಲ. ಇವರು “ನೀವು ನೋಡ್ತಿರಿ” ಎಂದು ಕೋಣೆಗೆ ಹೋಗಿ ಮಂಚದ ತುದಿಯಲ್ಲಿ ಕೂತರು.

ಬಿಚ್ಚಿದ ಒಂಬತ್ತನ್ನು ಕಂಡು ಏಕನಾಥ ನಾಲಿಗೆಯಲ್ಲಿ ‘ತ್ಚು’ ಎಂದರು. “ಇವು ಹೋದವ್ರಿ ವೈನಿ. ಇರ್ಲಿ, ಇಟ್ಕೋರಿ. ಪ್ರೂಫ್ ಮಾತ್ರ ಒಯ್ತೀನಿ.” ಹದಿನಾಲ್ಕು ಡಬ್ಬಿಗಳನ್ನೂ ಸಾಲಾಗಿ ಇಟ್ಟು ಒಂದೊಂದನ್ನೇ ಲೆನ್ಸಿನ ಕೆಳಗೆ ತಿರುಗಿಸಿದರು. ನಾನು ಶುಂಠಿ ಜಜ್ಜಿ ಚಹಾಕ್ಕೆ ಹಾಕಿ ಬಂದೆ.

“ಒಂದಕ್ಕೂ ಕಲೆ ಇಲ್ಲ ನೋಡ್ರಿ. ಎಷ್ಟು ಛಂದ ಇಟ್ಟಾರ!” ನಿಜವಾದ ಮೆಚ್ಚುಗೆ. ಆಮೇಲೆ ದನಿ ತಗ್ಗಿಸಿ, ನನಗೆ ಸಮಾಧಾನ ಹೇಳುವಂತೆ: “ಮನಸಿಗೆ ಹಚ್ಕೋಬ್ಯಾಡ್ರಿ ವೈನಿ. ಇನ್ಮ್ಯಾಲೆ ಮೂರ್ತಿಯವರಿಗೆ ಇವು ಇದ್ರೂ ಅಷ್ಟ, ಇರದಿದ್ರೂ ಅಷ್ಟ.”

ಎರಡು ತಿಂಗಳ ಹಿಂದೆ ಇದೇ ಮಾತನ್ನು ನಾನೇ ಇದಕ್ಕಿಂತ ಕೆಟ್ಟದಾಗಿ ಹೇಳುತ್ತಿದ್ದೆ. ಆದರೆ ಅದು ನಾನು. ಮನೆಗೆ ಬಂದು, ಮಖಮಲ್ಲು ಹಾಸಿ, ಗುಮ್ಮಟಕ್ಕೆ ಪಕ್ಕೆಲುಬಿದೆ ಎಂದು ಗೊತ್ತಿಲ್ಲದವರು ಹೇಳುವುದೇ?

ಸಾಲಿನ ಮೊದಲ ಡಬ್ಬಿ ಎತ್ತಿ ‘ಟಕ್’ ಎನ್ನಿಸಿದೆ. ಕನ್ನಡಿಯಂಥ ಬಯಲಿನ ನಟ್ಟನಡುವೆ, ಶುಂಠಿಯ ರಸ ಆರದ ಹೆಬ್ಬೆರಳನ್ನು ಒತ್ತಿದೆ. ಚೆನ್ನಾಗಿ ಒತ್ತಿದೆ.

“ವೈನೀ! ಏನ್ ಮಾಡ್ಲಿಕತ್ತೀರಿ!”

ಎರಡನೆಯದು. ಮೂರನೆಯದು.

“ಅರೇ, ಪ್ರೂಫ್ ಅವ್ರಿ ಅವು! ನಿಮಗ ತಿಳೀತದೋ ಇಲ್ಲೋ?”

“ತಿಳೀತದೆ. ಕೈ ತಾಗಿದರೆ ಬಯಲು ಮಸುಕಾಗುತ್ತೆ, ತಾಮ್ರ ಇರೋದರಿಂದ ಆರು ತಿಂಗಳಲ್ಲಿ ಕಲೆ ಕಂದಾಗುತ್ತೆ, ಉಜ್ಜಿದರೆ ಇನ್ನೂ ಕೆಡುತ್ತೆ. ಈಗ ಇವು ಅರ್ಧ ಬೆಳ್ಳಿ. ಒಯ್ಯೋದಿದ್ದರೆ ಒಯ್ಯಿರಿ.”

ನಾಲ್ಕು. ಐದು. ಏಕನಾಥ ಆರನೆಯದಕ್ಕೆ ಕೈ ಅಡ್ಡ ಹಿಡಿಯಲು ಬಂದವರು, ನನ್ನ ಮುಖ ನೋಡಿ ಕೈ ಹಿಂದಕ್ಕೆ ತೆಗೆದುಕೊಂಡರು. ಕೈಗವಸು ಕಳಚಿದರು. ಮಖಮಲ್ಲನ್ನು ಮಡಚದೆ ಮುದ್ದೆ ಮಾಡಿ ಚೀಲಕ್ಕೆ ತುರುಕಿದರು. ಪಾಪ ಎನ್ನಬೇಕಿತ್ತು, ಅನ್ನಿಸಲಿಲ್ಲ. ಚಹಾ ಕುಡಿಯದೆ ಹೋದರು.

ಬಾಗಿಲು ಮುಚ್ಚಿದ ಸದ್ದಿಗೆ ಇವರು ಗೋಡೆ ಹಿಡಿದುಕೊಂಡು ಹೊರಗೆ ಬಂದರು.

“ಏನದು ಟಕ್ ಟಕ್? ಪ್ರೂಫಾ?”

“ಹೂಂ.”

“ನಾನು ಅವರಿಗೆ ಮಾತು ಕೊಟ್ಟಿದ್ದೆ.”

“ನಾನು ಕೊಟ್ಟಿರಲಿಲ್ಲ.”

ಸಿಟ್ಟಾಗಿದ್ದರು, ಕುತ್ತಿಗೆಯ ನರ ಎದ್ದಿತ್ತು. ಅವರಿಗೆ ಕಾಗದ ಬರೆದು ಕ್ಷಮೆ ಕೇಳು ಎಂದರು. ಕೇಳುವುದಿಲ್ಲ ಎಂದೆ. ಹಾಗಾದರೆ ನಾನು ಹೇಳ್ತೀನಿ, ನೀನು ಬರಿ ಎಂದರು. ನೋಡೋಣ ಎಂದೆ.

ಕುರ್ಚಿ ತಡವಿ ಎದುರಿಗೆ ಕೂತರು. ಕೈಯನ್ನು ಮೇಜಿನ ಮೇಲೆ ಇಟ್ಟರು, ಅಂಗೈ ಮೇಲಾಗಿ.

“ಯಾವುದು ಮೊದಲು?”

“ನೀವೇ ಹೇಳಿ” ಎಂದು ಒಂದನ್ನು ಅಂಗೈಗೆ ಹಾಕಿ, ಉಳಿದ ಡಬ್ಬಿಗಳನ್ನು ತೆರೆಯುತ್ತಾ ಕೂತೆ.